12 ಸೆಕೆಂಡಿನ ಟ್ರಂಪೆಟ್ ತಲೆಯಿಂದ ಇಳಿಯುತ್ತಿಲ್ಲ, ನನಗೊಬ್ಬನಿಗೇನಾ?

ತುಮಕೂರು ತಂಗಾಳಿ
ಎಲ್ಲರಿಗೂ ನಮಸ್ಕಾರ. ನನಗೆ ಜಾಝ್ ಗೊತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಮೊನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ಫೋನಿನಲ್ಲಿ ಏನೋ ಹಾಡು ಹಾಕಿಟ್ಟಿದ್ದೆ. ಅದು ಮುಗಿದು ತಾನಾಗಿ ಇನ್ನೊಂದು ಶುರುವಾಯಿತು. ಲೂಯಿ ಆರ್ಮ್‌ಸ್ಟ್ರಾಂಗ್, 'ವೆಸ್ಟ್ ಎಂಡ್ ಬ್ಲೂಸ್'. ಅಮೆರಿಕದ ಜಾಝ್ ಟ್ರಂಪೆಟ್ ವಾದಕನಂತೆ, ಹಾಡು 1928ರದ್ದಂತೆ.

ಮೊದಲು ಬರೀ ಟ್ರಂಪೆಟ್. ಜೊತೆಗೆ ತಾಳ ಇಲ್ಲ, ಪಿಯಾನೊ ಇಲ್ಲ. ಬಾಗಿಲು ಬಡಿದ ಹಾಗೆ ನಾಲ್ಕು ಸ್ವರ, ಆಮೇಲೆ ದಡದಡ ಅಂತ ಮೇಲೆ ಹತ್ತಿ ತುದಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಉರುಳಿಕೊಂಡು ಕೆಳಗೆ ಬರುತ್ತದೆ. ಎಲ್ಲಾ ಸೇರಿ 12-13 ಸೆಕೆಂಡ್ ಅಷ್ಟೇ. ಸೋಪಿನ ಕೈಯಲ್ಲೇ ಫೋನ್ ಮುಟ್ಟಿ ಹಿಂದಕ್ಕೆ ಹಾಕಿದೆ. ಆವತ್ತಿಂದ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೇನೆ. ಮನೆಯವರು "ಆ ಪೀಪಿ ನಿಲ್ಲಿಸ್ತೀರಾ" ಅಂತಾರೆ.

ಗೊತ್ತಿದ್ದವರು ಹೇಳಿ. ಇದು ನಿಜಕ್ಕೂ ಅಷ್ಟು ದೊಡ್ಡದಾ, ಅಥವಾ ನಾನು ಹೊಸಬ ಅಂತ ಹೀಗೆ ಅನ್ನಿಸುತ್ತಿದೆಯಾ? ಒಂದೇ ಉಸಿರಿನಲ್ಲಿ ಅಷ್ಟನ್ನು ಹೇಗೆ ಊದುತ್ತಾರೆ?

ಸುಮ್ನೆ ಬಂದೆ
ಪೀಪಿ 😂 ನಮ್ಮ ಮನೆಯಲ್ಲೂ ಅದೇ ಪದ.

ಹಳೇ ತಟ್ಟೆ
ಸ್ವಾಗತ ತಂಗಾಳಿ. ನೀವು ಎಡವಿ ಬಿದ್ದಿರುವುದು ನೇರ ದೊಡ್ಡ ಬಂಡೆಯ ಮೇಲೆ. ಜಾಝ್ ಕೇಳುವವರು ಸುಮಾರು ನೂರು ವರ್ಷದಿಂದ ಆ 12 ಸೆಕೆಂಡಿನ ಬಗ್ಗೆ ಜಗಳ ಆಡುತ್ತಿದ್ದಾರೆ.

ಸ್ವಲ್ಪ ವಿವರ ಕೊಡುತ್ತೇನೆ. 1928 ಜೂನ್ 28, ಶಿಕಾಗೊ. ಓಕೆ ಅನ್ನುವ ರೆಕಾರ್ಡ್ ಕಂಪನಿ (ಹೌದು, ಹೆಸರೇ ಓಕೆ). ಆರ್ಮ್‌ಸ್ಟ್ರಾಂಗ್‌ಗೆ ಆಗ ಇನ್ನೂ 27 ತುಂಬಿರಲಿಲ್ಲ. ಪಿಯಾನೊ ಅರ್ಲ್ ಹೈನ್ಸ್, ಕ್ಲಾರಿನೆಟ್ ಜಿಮ್ಮಿ ಸ್ಟ್ರಾಂಗ್, ಟ್ರಾಂಬೋನ್ ಫ್ರೆಡ್ ರಾಬಿನ್ಸನ್, ತಾಳಕ್ಕೆ ಜಟ್ಟಿ ಸಿಂಗಲ್‌ಟನ್. ಧಾಟಿ ಎರಡನೇ ಸುತ್ತು ಬಂದಾಗ ಕುದುರೆ ನಡೆದ ಹಾಗೆ ಟಕ್ ಟಕ್ ಅನ್ನುತ್ತದಲ್ಲ, ಅದು ಜಟ್ಟಿಯ ಕೈತಾಳ. ಆ ಕಾಲದ ರೆಕಾರ್ಡಿಂಗ್‌ಗೆ ಪೂರ್ತಿ ಡ್ರಮ್ ಹಿಡಿಸುವುದು ಕಷ್ಟ ಇತ್ತು.

ಇನ್ನೊಂದು ವಿಷಯ. ಈ ಹಾಡು ಕಟ್ಟಿದ್ದು ಆರ್ಮ್‌ಸ್ಟ್ರಾಂಗ್ ಅಲ್ಲ. ಅವನ ಗುರು ಜೋ 'ಕಿಂಗ್' ಆಲಿವರ್. ಆಲಿವರ್ ಅದೇ ತಿಂಗಳು, ಎರಡು ವಾರ ಮೊದಲು, ತನ್ನ ಬ್ಯಾಂಡಿನಲ್ಲಿ ಇದನ್ನು ರೆಕಾರ್ಡ್ ಮಾಡಿದ್ದ. ಅದನ್ನೂ ಕೇಳಿ. ಚೆನ್ನಾಗಿದೆ. ಆದರೆ ಶಿಷ್ಯ ಬಂದು ಊದಿದ ಮೇಲೆ ಅದರ ಹೆಸರು ಹೇಳುವವರಿಲ್ಲ.

ಬ್ಯಾಂಡಿನ ಬಾಯಿ
ಮಂಗಳೂರಿನಿಂದ. ಮದುವೆ, ರೋಸ್ (ಮದುವೆಯ ಹಿಂದಿನ ದಿನದ ಶಾಸ್ತ್ರ), ಚರ್ಚಿನ ಹಬ್ಬ, ಎಲ್ಲದಕ್ಕೂ ಟ್ರಂಪೆಟ್ ಊದಿ 22 ವರ್ಷ ಆಯಿತು. ಹಾಗಾಗಿ ತುಟಿಯ ಕಡೆಯಿಂದ ಮಾತಾಡುತ್ತೇನೆ ಮಾರಾಯ್ರೆ.

ಮೊದಲನೆಯದು, ಒಂದೇ ಉಸಿರಲ್ಲ. ಮಧ್ಯೆ ಉಸಿರು ತೆಗೆದುಕೊಳ್ಳುತ್ತಾನೆ. ಆದರೆ ಅದೂ ಸಂಗೀತದ ಭಾಗ ಆಗಿಬಿಟ್ಟಿದೆ, ನಮಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು, ನೀವೆಲ್ಲ ಶುರುವಿನ ಹಿಂದೆ ಬಿದ್ದಿದ್ದೀರಿ. ನಾವು ಊದುವವರು ಹೆದರುವುದು ಕೊನೆಯ ಸುತ್ತಿಗೆ. ಅಲ್ಲಿ ಒಂದೇ ಮೇಲಿನ ಸ್ವರ ಹಿಡಿಯುತ್ತಾನೆ. ಹೆಚ್ಚುಕಡಿಮೆ ನಾಲ್ಕು ಬಾರ್, ಅಂದರೆ 16 ಎಣಿಕೆ. ಹತ್ತು ಸೆಕೆಂಡ್ ಆಸುಪಾಸು. ನಮ್ಮ ಭಾಷೆಯಲ್ಲಿ ಅದು ಹೈ ಸಿ. ತಮಾಷೆ ಏನೆಂದರೆ ಆ ಸ್ವರಕ್ಕೆ ಬೆರಳಿಗೆ ಕೆಲಸವೇ ಇಲ್ಲ. ಟ್ರಂಪೆಟ್‌ನಲ್ಲಿ ಇರುವುದು ಮೂರು ವಾಲ್ವ್, ಬೆರಳಲ್ಲಿ ಒತ್ತುವ ಗುಂಡಿ. ಒಂದನ್ನೂ ಒತ್ತದೆ ಬರೀ ತುಟಿ ಬಿಗಿ ಮಾಡಿ, ಗಾಳಿ ಹದ ಮಾಡಿ ಐದಾರು ಬೇರೆ ಬೇರೆ ಸ್ವರ ತೆಗೆಯಬಹುದು. ಮೇಲೆ ಹೋದ ಹಾಗೆ ಅವು ಹತ್ತಿರ ಹತ್ತಿರ ಬರುತ್ತವೆ. ಕೂದಲೆಳೆ ತಪ್ಪಿದರೆ ಪಕ್ಕದ ಸ್ವರಕ್ಕೆ ಜಾರುತ್ತೀರಿ, ಇಲ್ಲಾ ಸ್ವರ ಒಡೆಯುತ್ತದೆ. ಮದುವೆಯಲ್ಲಿ ಒಡೆದರೆ ಪಟಾಕಿ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಅವನಿಗೆ ಪಟಾಕಿ ಇರಲಿಲ್ಲ. ಎಡಿಟಿಂಗೂ ಇರಲಿಲ್ಲ.

ಸುಮ್ನೆ ಬಂದೆ
ನಾಲ್ಕು ಬಾರ್ ಅಂದ ಕೂಡಲೇ ನನ್ನ ರೂಮ್‌ಮೇಟ್ "ಯಾವ ರೋಡಲ್ಲಿ" ಅಂತ ಕೇಳಿದ.

ಸ್ಪೀಡ್ ಸೀನ
ಕ್ಷಮಿಸಿ, ನಾನು ಒಪ್ಪುವುದಿಲ್ಲ. ಹಳೆಯದು ಅನ್ನುವ ಕಾರಣಕ್ಕೆ ಪೂಜೆ ನಡೆಯುತ್ತಿದೆ. ಆಮೇಲೆ ಬಂದ ಟ್ರಂಪೆಟ್ ವಾದಕರನ್ನು ಕೇಳಿದ್ದೀರಾ? ಡಿಜ್ಜಿ ಗಿಲೆಸ್ಪಿ ಇನ್ನೂ ಮೇಲೆ ಹೋಗುತ್ತಾನೆ, ಇನ್ನೂ ಜೋರು ವೇಗ. ಕ್ಲಿಫರ್ಡ್ ಬ್ರೌನ್ 1955ರಲ್ಲಿ ಡ್ರಮ್ಮರ್ ಮ್ಯಾಕ್ಸ್ ರೋಚ್ ಜೊತೆ ನುಡಿಸಿದ 'ಚೆರೊಕೀ' ಹಾಕಿ ನೋಡಿ. ಆ ಹುಚ್ಚು ವೇಗದಲ್ಲಿ ಒಂದೊಂದು ಸ್ವರವೂ ಮುತ್ತಿನ ಹಾಗೆ ಬಿಡಿಬಿಡಿ. ಅದರ ಮುಂದೆ ಇದು ಮಕ್ಕಳ ಪಾಠ. ಇವತ್ತು ಕಾಲೇಜು ಹುಡುಗರು ವೆಸ್ಟ್ ಎಂಡ್ ಶುರುವನ್ನು ಬಾಯಿಪಾಠ ಮಾಡಿ ಊದಿ ವಿಡಿಯೊ ಹಾಕುತ್ತಾರೆ.

ಹಳೇ ತಟ್ಟೆ
ಸೀನ, ಬಾಯಿಪಾಠ ಮಾಡುವುದಕ್ಕೆ ಒಬ್ಬ ಮೊದಲು ಊದಿರಬೇಕು ಅಲ್ವಾ?

ಬ್ಯಾಂಡಿನ ಬಾಯಿ
@ಸ್ಪೀಡ್ ಸೀನ ಕ್ಲಿಫರ್ಡ್ ಬ್ರೌನ್ ವಿಷಯದಲ್ಲಿ ಕೈ ಮುಗಿಯುತ್ತೇನೆ. 25ನೇ ವಯಸ್ಸಿಗೆ, 1956ರಲ್ಲಿ, ಕಾರು ಅಪಘಾತದಲ್ಲಿ ಹೋದ. ಕುಡಿತ ಇಲ್ಲ, ಮಾದಕ ಮದ್ದು ಇಲ್ಲ, ಒಳ್ಳೆ ಹುಡುಗ. ಆದರೆ "ಮಕ್ಕಳ ಪಾಠ" ಅನ್ನುವ ಮಾತು ವಾಪಸ್ ತಗೊಳ್ಳಿ. ಆ ವಿಡಿಯೊ ಹುಡುಗರನ್ನು ನಾನೂ ಕೇಳಿದ್ದೇನೆ. ಸ್ವರ ಎಲ್ಲಾ ಸರಿ ಇರುತ್ತದೆ. ಎಲ್ಲಿ ತಡ ಮಾಡಬೇಕು, ಎಲ್ಲಿ ತಳ್ಳಬೇಕು ಅನ್ನುವುದು ಇರುವುದಿಲ್ಲ. ಇಡ್ಲಿ ಅಚ್ಚಿನಿಂದ ತೆಗೆದ ಹಾಗೆ ಇರುತ್ತದೆ.

ಮಲ್ಲಿಗೆ ಮೊಗ್ಗು
ನಾನು ಕರ್ನಾಟಕ ಸಂಗೀತ ಹಾಡುವವಳು. ಈ ಎಳೆ ಓದಿ ಇವತ್ತು ಕೇಳಿದೆ. ಶುರು ಚೆನ್ನಾಗಿದೆ, ಎದೆ ಝಲ್ ಅಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಮಧ್ಯೆ ಟ್ರಾಂಬೋನ್ ಬಂದಾಗ ನಿದ್ದೆ ಬಂತು. ನನಗೆ ಇಷ್ಟವಾಗಿದ್ದು ಆರ್ಮ್‌ಸ್ಟ್ರಾಂಗ್ ಕ್ಲಾರಿನೆಟ್ ಜೊತೆ ಪದ ಇಲ್ಲದೆ ಗುನುಗುವ ಜಾಗ. ಅಡುಗೆಮನೆಯಲ್ಲಿ ಯಾರೋ ದೋಸೆ ಹುಯ್ಯುತ್ತಾ ತಮ್ಮಷ್ಟಕ್ಕೆ ಹಾಡಿಕೊಂಡ ಹಾಗಿದೆ. ಇಷ್ಟು ದೊಡ್ಡದಾಗಿ ಬಾಗಿಲು ತಟ್ಟಿ ಒಳಗೆ ಬಂದವನು ಹೀಗೆ ಮೆತ್ತಗೆ ಕೂತುಬಿಟ್ಟನಲ್ಲ ಅನ್ನಿಸಿತು.

ಲಯದ ಲೆಕ್ಕ
ಮಲ್ಲಿಗೆಯವರೇ, ಆ ಶುರು ಥೇಟ್ ನಮ್ಮ ಆಲಾಪನೆ ಅಲ್ವಾ? ತಾಳ ಇಲ್ಲ, ಒಬ್ಬನೇ, ಆಮೇಲೆ ಎಲ್ಲರೂ ಸೇರಿಕೊಳ್ಳುತ್ತಾರೆ.

ಮಲ್ಲಿಗೆ ಮೊಗ್ಗು
ಇಲ್ಲ ಇಲ್ಲ ಇಲ್ಲ. ಎಲ್ಲದಕ್ಕೂ ನಮ್ಮದನ್ನು ತಂದು ಅಂಟಿಸುವುದು ಬಿಡಿ. ಆಲಾಪನೆಯಲ್ಲಿ ರಾಗ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಒಂದು ಸ್ವರದ ಮೇಲೆ ನಿಂತು ಅದನ್ನು ನಾಲ್ಕು ಕಡೆಯಿಂದ ನೋಡುತ್ತೇವೆ. ಇಲ್ಲಿ ಯಾವ ರಾಗ ಬಿಚ್ಚಿಕೊಂಡಿತು? ಈತ ಮುಂದೆ ಬರುವ ಸ್ವರಗುಂಪುಗಳ ಮೇಲೆ ಓಡಿ ಬ್ಯಾಂಡಿಗೆ ಜಾಗ ಮಾಡಿಕೊಡುತ್ತಾನೆ. ತಾಳವೂ ಪೂರ್ತಿ ಇಲ್ಲ ಅಂತಲ್ಲ, ಮೊದಲ ನಾಲ್ಕು ಸ್ವರಕ್ಕೆ ಕೈ ತಟ್ಟಿ ನೋಡಿ, ನಡೆ ಅಲ್ಲೇ ಇದೆ. ಆಮೇಲೆ ಅದನ್ನು ಬಿಟ್ಟುಬಿಡುತ್ತಾನೆ.

ಲಯದ ಲೆಕ್ಕ
ಸರಿ, ಆಲಾಪನೆ ವಾಪಸ್ ತಗೊಂಡೆ 🙏 ತಾಳದ ಲೆಕ್ಕ ಆದರೂ ಹೇಳಲು ಬಿಡಿ. ಇದು 12 ಬಾರಿನ ಬ್ಲೂಸ್. ಒಂದು ಬಾರಿಗೆ 4 ಎಣಿಕೆ. ಒಟ್ಟು 48. ಅಂದರೆ 8 ಎಣಿಕೆಯ ಆದಿತಾಳದಲ್ಲಿ ಸರಿಯಾಗಿ ಆರು ಆವರ್ತನ. ನಾನು ಕೈಯಲ್ಲಿ ಹಾಕಿಕೊಂಡು ಕೂತೆ, ಪ್ರತಿ ಸುತ್ತೂ ಸಮಕ್ಕೆ ಬಂದು ಬೀಳುತ್ತದೆ. ಬ್ಲೂಸ್‌ನಲ್ಲಿ ಮೂರು ಸಾಲು. ಒಂದು ಸಾಲಿಗೆ ಎರಡು ಆವರ್ತನ. ಕೊನೆಯ ಸುತ್ತಿನಲ್ಲಿ ಅವನು ಆ ಮೇಲಿನ ಸ್ವರ ಹಿಡಿಯುವುದು ಹೆಚ್ಚುಕಡಿಮೆ ಮೊದಲ ಸಾಲು ಪೂರ್ತಿ. ಒಂದು ಸಾಲಿನ ಮಾತನ್ನೆಲ್ಲ ನುಂಗಿ ಒಂದೇ ಸ್ವರ ಇಟ್ಟಿದ್ದಾನೆ. ಎರಡನೇ ಸಾಲಿಗೆ ಕಾಲಿಡುತ್ತಲೇ ಅಷ್ಟೂ ಹೊತ್ತು ಹಿಡಿದಿಟ್ಟಿದ್ದನ್ನು ಸುರಿದುಬಿಡುತ್ತಾನೆ. ವಿದ್ವತ್ತು ಅಂದರೆ ನನಗೆ ಅದು. ವೇಗ ಅಲ್ಲ ಸೀನ ಅವರೇ.

ಸ್ಪೀಡ್ ಸೀನ
ವೇಗ ಬೇಡ ಅನ್ನುವವರೆಲ್ಲ ಮೃದಂಗದ ತನಿ ಆವರ್ತನದಲ್ಲಿ ಕೊನೆ ಓಟದ ಮೋಹರಕ್ಕೆ ಚಪ್ಪಾಳೆ ಹೊಡೆಯುವವರೇ.

ಲಯದ ಲೆಕ್ಕ
😄 ಇದಕ್ಕೆ ಉತ್ತರ ಇಲ್ಲ.

ಕೆರೆ ಏರಿ
ಆ ಉದ್ದ ಸ್ವರ ಸರ್ಕ್ಯುಲರ್ ಬ್ರೀದಿಂಗ್ ಅಂತ ಎಲ್ಲೋ ಓದಿದ ನೆನಪು. ಕೆನ್ನೆಯಲ್ಲಿ ಗಾಳಿ ಇಟ್ಟುಕೊಂಡು ಮೂಗಿನಲ್ಲಿ ಎಳೆಯುವುದು.

ಬ್ಯಾಂಡಿನ ಬಾಯಿ
ಬೇಕಾಗಿಲ್ಲ ಮಾರಾಯ್ರೆ. ಹತ್ತು ಸೆಕೆಂಡಿಗೆ ಎದೆ ತುಂಬ ಗಾಳಿ ಸಾಕು. ನೀವು ಹೇಳುವ ವಿದ್ಯೆ ನೋಡಬೇಕಾದರೆ ಓಲಗದಲ್ಲಿ ಶ್ರುತಿಗೆ ಒತ್ತು ಹಿಡಿಯುವವರನ್ನು ನೋಡಿ. ಅರ್ಧ ಗಂಟೆ ಸ್ವರ ನಿಲ್ಲುವುದಿಲ್ಲ. ಇಲ್ಲಿ ಕಷ್ಟ ಇರುವುದು ಗಾಳಿಯಲ್ಲಲ್ಲ, ಅಲುಗದೆ ಹಿಡಿಯುವುದರಲ್ಲಿ. ಆರ್ಮ್‌ಸ್ಟ್ರಾಂಗ್ ಸ್ವರ ನೆಟ್ಟಗೆ ಶುರು ಮಾಡಿ, ಬಿಡುವ ಹೊತ್ತಿಗೆ ಸಣ್ಣಗೆ ನಡುಗಿಸುತ್ತಾನೆ. ಅದು ಅವನ ಸಹಿ ಇದ್ದ ಹಾಗೆ. ಕಣ್ಣು ಮುಚ್ಚಿ ಗುರುತು ಹಿಡಿಯಬಹುದು.

ಇದಕ್ಕೆಲ್ಲ ಬೆಲೆ ತೆತ್ತ. 1930ರ ದಶಕದಲ್ಲಿ ತುಟಿ ಹಾಳಾಗಿ ತಿಂಗಳುಗಟ್ಟಲೆ ಊದುವುದನ್ನು ನಿಲ್ಲಿಸಬೇಕಾಯಿತು. ಹಳೇ ಫೋಟೊಗಳಲ್ಲಿ ಮೇಲ್ದುಟಿ ನೋಡಿ, ಗಾಯ ಕಾಣುತ್ತದೆ. ಜರ್ಮನಿಯಿಂದ ತುಟಿಗೆ ಹಚ್ಚುವ ಮುಲಾಮು ತರಿಸಿಕೊಳ್ಳುತ್ತಿದ್ದ. ನಾನು ಹಚ್ಚುವುದು ತೆಂಗಿನೆಣ್ಣೆ.

ತುಮಕೂರು ತಂಗಾಳಿ
ಅಯ್ಯೋ, ಇಷ್ಟು ಜನ ಬರುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಇನ್ನೊಂದು ಕೇಳಲೇ? ಆ ಶುರು ಅಲ್ಲೇ ಹುಟ್ಟಿದ್ದಾ, ಅಥವಾ ಮನೆಯಲ್ಲಿ ತಯಾರಿ ಮಾಡಿಕೊಂಡು ಬಂದಿದ್ದಾ?

ಹಳೇ ತಟ್ಟೆ
ತಯಾರಿ ಅಂತಲೇ ನನ್ನ ಅಭಿಪ್ರಾಯ. 1924ರಲ್ಲಿ ಮಾರ್ಗರೆಟ್ ಜಾನ್ಸನ್ ಅನ್ನುವ ಗಾಯಕಿಯ ಹಿಂದೆ ಊದಿದ ಒಂದು ರೆಕಾರ್ಡಿನಲ್ಲಿ ಇದರದೇ ಮರಿ ಇದೆ. ಒಂದು ಚಿಕ್ಕ ತುಂಡು. ಕೇಳಿದ ಕೂಡಲೇ ಗೊತ್ತಾಗುತ್ತದೆ. ನಾಲ್ಕು ವರ್ಷ ತಲೆಯಲ್ಲಿ ಇಟ್ಟುಕೊಂಡು ಬೆಳೆಸಿದ್ದಾನೆ. ಅದೂ ಅಲ್ಲದೆ ಅವನ ಹತ್ತಿರ ಹರೆಯದಿಂದಲೇ ಒಪೆರಾ (ಪಶ್ಚಿಮದ ಹಾಡಿನ ನಾಟಕ) ರೆಕಾರ್ಡುಗಳು ಇದ್ದವು, ಕರೂಸೊ, ಟೆಟ್ರಾಜ್ಜಿನಿ. ಒಪೆರಾ ಗಾಯಕರು ತಾಳ ನಿಲ್ಲಿಸಿ ಒಬ್ಬರೇ ಮೇಲೆ ಹೋಗಿ ಮಿಂಚುತ್ತಾರಲ್ಲ, ಆ ಹೊಳಪು ಇಲ್ಲಿದೆ. ಬ್ಲೂಸಿನ ತಲೆಗೆ ಒಪೆರಾ ಪೇಟ.

ಸ್ಪೀಡ್ ಸೀನ
ಅಂದರೆ ಮನೋಧರ್ಮ (ಅಲ್ಲೇ ಹೊಳೆದು ಹಾಡುವುದು) ಅಲ್ಲ, ಕಂಠಪಾಠ. ನಾನು ಹೇಳಿದ್ದೇ ಆಯಿತಲ್ಲ.

ಮಲ್ಲಿಗೆ ಮೊಗ್ಗು
ಸೀನ, ಒಳ್ಳೆಯ ವಿದ್ವಾಂಸರ ಮನೋಧರ್ಮದಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಯಲ್ಲಿ ಸಾವಿರ ಸಲ ಹಾಡಿದ್ದೇ ಇರುತ್ತದೆ. ನಮ್ಮ ಗುರುಗಳು ಅದೇ ಕಾಂಭೋಜಿಯ ಅದೇ ಸಂಗತಿಯನ್ನು ಹತ್ತು ಕಛೇರಿಯಲ್ಲಿ ಹಾಡಿದ್ದನ್ನು ಹಿಂದೆ ಕೂತು ಕೇಳಿದ್ದೇನೆ. ಹತ್ತನೇ ಸಲವೂ ಈಗ ತಾನೇ ಹೊಳೆದ ಹಾಗೆ ಹಾಡುತ್ತಿದ್ದರು. ಆ ವಿದ್ಯೆ ನನಗೆ ಇನ್ನೂ ಬಂದಿಲ್ಲ.

ಕೆರೆ ಏರಿ
ಇದೇ ಹಾಡನ್ನು ವಾಯೇಜರ್ ನೌಕೆಯಲ್ಲಿ ಚಿನ್ನದ ತಟ್ಟೆ (ಗ್ರಾಮಫೋನ್ ರೆಕಾರ್ಡ್) ಮಾಡಿ ಆಕಾಶಕ್ಕೆ ಕಳಿಸಿದ್ದು ಅಲ್ವಾ?

ಹಳೇ ತಟ್ಟೆ
ತಪ್ಪು. ವಾಯೇಜರ್‌ನಲ್ಲಿ ಇರುವುದು ಆರ್ಮ್‌ಸ್ಟ್ರಾಂಗ್‌ನ 'ಮೆಲಂಕಲಿ ಬ್ಲೂಸ್', ಬೇರೆ. 1977ರಲ್ಲಿ ಹೋಯಿತು. ಅದೇ ತಟ್ಟೆಯಲ್ಲಿ ಗೋವಾ ಮೂಲದ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ. 55 ಭಾಷೆಯ ಶುಭಾಶಯಗಳಿವೆ. ಅದರಲ್ಲಿ ಕನ್ನಡವೂ ಒಂದು.

ಸುಮ್ನೆ ಬಂದೆ
ತಾಳಿ. ಕನ್ನಡ ಇದೆಯಾ?? ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಮತ್ತೆ ಕನ್ನಡ ಒಂದೇ ತಟ್ಟೆಯಲ್ಲಿ ಸೂರ್ಯನಿಂದ ದೂರ ಓಡುತ್ತಿದೆಯಾ? ಇದನ್ನು ಮೊದಲೇ ಹೇಳಬಾರದಾ.

ಹಳೇ ತಟ್ಟೆ
ಇದೆ. ಕನ್ನಡಿಗರ ಪರವಾಗಿ ಶುಭಾಶಯ ಅಂತ. ಕೆಲವೇ ಸೆಕೆಂಡ್.

ಕೆರೆ ಏರಿ
ನಾನು ತಪ್ಪು ಹೇಳಿದ್ದಕ್ಕೇ ಇದು ಹೊರಬಂತು, ನೆನಪಿರಲಿ.

ಹ್ಯೂಸ್ಟನ್ ಹೊನ್ನಪ್ಪ
ತಡವಾಗಿ ಬಂದೆ. ನಾವು ಇರುವುದು ಟೆಕ್ಸಸ್, ನ್ಯೂ ಆರ್ಲಿಯನ್ಸ್‌ಗೆ ಕಾರಿನಲ್ಲಿ ಐದಾರು ಗಂಟೆ. ಈ ವೆಸ್ಟ್ ಎಂಡ್ ಅನ್ನುವುದು ಅಲ್ಲಿಯ ಪಾಂಚಟ್ರೇನ್ ಸರೋವರದ ದಡದ ಜಾಗ. ಆಗ ಬೇಸಿಗೆಯಲ್ಲಿ ಊರಿನವರು ಗಾಳಿಗೆ ಹೋಗುತ್ತಿದ್ದ ಕಡೆ, ಬ್ಯಾಂಡುಗಳು ಊದುತ್ತಿದ್ದವು. ಹೋದ ವರ್ಷ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದೆ. ಏನೂ ಇಲ್ಲ. ಒಂದು ಪಾರ್ಕು, ದೋಣಿಗಳು, ನೀರು. ನೀರಿನ ಮೇಲೆ ಇದ್ದ ಹೋಟೆಲುಗಳನ್ನು 2005ರ ಕಟ್ರೀನಾ ಚಂಡಮಾರುತ ಗುಡಿಸಿಕೊಂಡು ಹೋಯಿತು. ನಾನು ಕಾರಿನ ಬಾಗಿಲು ತೆಗೆದಿಟ್ಟು ಈ ಹಾಡು ಜೋರಾಗಿ ಹಾಕಿದೆ. ಮಗಳು ನಾಚಿಕೆಯಿಂದ ಸೀಟಿನ ಕೆಳಗೆ ಕೂತಳು. ಮೀನು ಹಿಡಿಯುತ್ತಿದ್ದ ಒಬ್ಬ ಮುದುಕ ತಿರುಗಿ ನೋಡಿ ಟೋಪಿ ಎತ್ತಿದ. ಅಷ್ಟೇ ನಡೆದಿದ್ದು. ಆದರೆ ನನಗೆ ಸಾಕಾಯಿತು.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ಆ ಊರಿನ ಕಡು ಬಡ ಕೇರಿಯಲ್ಲಿ. 11ನೇ ವಯಸ್ಸಿನಲ್ಲಿ, 1912ರ ಕೊನೆ ರಾತ್ರಿ, ಹೊಸ ವರ್ಷದ ಗದ್ದಲದಲ್ಲಿ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದ. ಕಪ್ಪು ಹುಡುಗರ ರಿಮ್ಯಾಂಡ್ ಹೋಮ್‌ಗೆ ಹಾಕಿದರು. ಅಲ್ಲಿನ ಬ್ಯಾಂಡಿನಲ್ಲೇ ಕಾರ್ನೆಟ್ (ಟ್ರಂಪೆಟ್ಟಿನ ಗಿಡ್ಡ ತಮ್ಮ) ಸರಿಯಾಗಿ ಕಲಿತಿದ್ದು.

ಮಲ್ಲಿಗೆ ಮೊಗ್ಗು
ಗುರು ಆಲಿವರ್ ಕಥೆ ಏನಾಯಿತು? ಆ ಮಾತು ಅಲ್ಲೇ ಬಿಟ್ಟಿರಿ.

ಹಳೇ ತಟ್ಟೆ
ಹೇಳಲು ಮನಸ್ಸಿರಲಿಲ್ಲ. 1922ರಲ್ಲಿ ಹುಡುಗನನ್ನು ಶಿಕಾಗೊಗೆ ಕರೆಸಿಕೊಂಡು ಪಕ್ಕದಲ್ಲಿ ನಿಲ್ಲಿಸಿಕೊಂಡವನು ಆಲಿವರ್. ಆಮೇಲೆ ವಸಡಿನ ರೋಗ, ಹಲ್ಲು ಹೋಯಿತು. ಹಲ್ಲಿಲ್ಲದೆ ಊದುವುದು ಹೇಗೆ? ದುಡ್ಡೂ ಹೋಯಿತು. ಕೊನೆಗೆ ಜಾರ್ಜಿಯಾದ ಸವಾನಾ ಊರಿನಲ್ಲಿ ಬಿಲಿಯರ್ಡ್ಸ್ ಥರದ ಪೂಲ್ ಆಟ ಆಡುವ ಒಂದು ಹಾಲ್‌ನಲ್ಲಿ ಕಸ ಗುಡಿಸುವ ಕೆಲಸ. 1938ರಲ್ಲಿ ತೀರಿಕೊಂಡ. ಇದು ಗೊತ್ತಾದ ಮೇಲೆ ವೆಸ್ಟ್ ಎಂಡ್ ಕೇಳಿದಾಗಲೆಲ್ಲ ನನಗೆ ಎರಡು ಟ್ರಂಪೆಟ್ ಕೇಳಿಸುತ್ತದೆ.

ಬ್ಯಾಂಡಿನ ಬಾಯಿ
ನನ್ನದೂ ಕೆಳಗಿನ ಒಂದು ಹಲ್ಲು ಅಲುಗುತ್ತಿದೆ. ಈ ಪೋಸ್ಟ್ ಓದಿ ಡಾಕ್ಟರಿಗೆ ಫೋನ್ ಮಾಡಿದೆ. ತಮಾಷೆ ಅಲ್ಲ.

ಲಯದ ಲೆಕ್ಕ
ನಮ್ಮ ಕಡೆ ಟ್ರಂಪೆಟ್ ಯಾರೂ ಕಛೇರಿಗೆ ತರಲಿಲ್ಲ ಯಾಕೆ? ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ ಅದನ್ನು ಕಛೇರಿಗೆ ತಂದರು. ಅದೇ ಬ್ಯಾಂಡಿನಲ್ಲಿ ಟ್ರಂಪೆಟ್ಟೂ ಇದ್ದಿರಬೇಕಲ್ಲ.

ಬ್ಯಾಂಡಿನ ಬಾಯಿ
ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದು. ಸ್ಯಾಕ್ಸ್‌ನಲ್ಲಿ ಬೆರಳು, ರೀಡು ಎರಡೂ ಸೇರಿ ಸ್ವರವನ್ನು ಎಳೆಯಬಹುದು. ಟ್ರಂಪೆಟ್‌ನಲ್ಲಿ ವಾಲ್ವ್ ಅರ್ಧ ಒತ್ತಿ ಜಾರಿಸಬಹುದು, ತುಟಿಯಲ್ಲಿ ಸ್ವಲ್ಪ ಬಗ್ಗಿಸಬಹುದು. ಆದರೆ ತೋಡಿ ರಾಗ ಊದಲು ಹೋದರೆ ಎರಡು ನಿಮಿಷಕ್ಕೆ ತುಟಿ ಕೈಕೊಡುತ್ತದೆ. ನಾನು ಮಾಯಾಮಾಳವಗೌಳ ಪ್ರಯತ್ನ ಮಾಡಿದ್ದೇನೆ. ಪಕ್ಕದ ಮನೆಯವರು ಹಸು ಕರು ಹಾಕುತ್ತಿದೆಯಾ ಅಂತ ಕೇಳಿದರು.

ಹಳೇ ತಟ್ಟೆ
ಆದರೆ ಸಿನಿಮಾಗೆ ಬಂತು. ಬಾಂಬೆಯಲ್ಲಿ ಚಿಕ್ ಚಾಕೊಲೇಟ್ ಅಂತ ಗೋವಾದ ಟ್ರಂಪೆಟ್ ವಾದಕ ಇದ್ದರು, ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತಲೇ ಹೆಸರು. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ 1951ರ ಹಿಂದಿ ಸಿನಿಮಾ 'ಅಲ್ಬೇಲಾ'ದಲ್ಲಿ ಕೆಲಸ ಮಾಡಿದ್ದಾರೆ. ನಮ್ಮ ಅಪ್ಪ ಅಮ್ಮ ಆ ಟ್ರಂಪೆಟ್‌ಗೆ ತಲೆದೂಗಿದವರೇ, ಜಾಝ್ ಅಂತ ಗೊತ್ತಿರಲಿಲ್ಲ ಅಷ್ಟೇ.

ಸ್ಪೀಡ್ ಸೀನ
ಮೇನಾರ್ಡ್ ಫರ್ಗ್ಯುಸನ್ ಹೆಸರು ಯಾರೂ ತೆಗೆಯಲಿಲ್ಲ. ಆಕಾಶ ಮುಟ್ಟುವ ಸ್ವರಗಳಿಗೆ ಅವನೇ ರಾಜ. 60ರ ದಶಕದ ಕೊನೆಯಲ್ಲಿ ಇಲ್ಲೇ ಮದನಪಲ್ಲೆ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಮಾಡಿದವನು. ನಮ್ಮ ಕೋಲಾರದ ಪಕ್ಕ!

ಲಯದ ಲೆಕ್ಕ
ಇದು ಗೊತ್ತಿರಲಿಲ್ಲ. ಸೀನ ಅವರಿಗೆ ಮೊದಲ ಅಂಕ.

ಸ್ಪೀಡ್ ಸೀನ
ಇನ್ನೊಂದು ಅಂಕ ನಾನೇ ಕಳೆದುಕೊಳ್ಳುತ್ತೇನೆ. ನಿನ್ನೆ ರಾತ್ರಿ ದೀಪ ಆರಿಸಿ ಹೆಡ್‌ಫೋನಿನಲ್ಲಿ ವೆಸ್ಟ್ ಎಂಡ್ ಪೂರ್ತಿ ಕೇಳಿದೆ. ಶುರು ಈಗಲೂ ನನಗೆ ಸ್ವಲ್ಪ ಜಂಬದ್ದು ಅನ್ನಿಸುತ್ತದೆ. ಆದರೆ ಆ ಉದ್ದ ಸ್ವರ ಬಂದಾಗ ನಾನೂ ಉಸಿರು ಹಿಡಿದಿದ್ದೆ. ಅವನು ಬಿಟ್ಟ ಮೇಲೆ ಬಿಟ್ಟೆ. "ಮಕ್ಕಳ ಪಾಠ" ವಾಪಸ್. ಕ್ಲಿಫರ್ಡ್ ಬ್ರೌನ್ ಮಾತ್ರ ವಾಪಸ್ ಇಲ್ಲ.

ತುಮಕೂರು ತಂಗಾಳಿ
ಮನೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಆಲಿವರ್ ಕಥೆ ಕೇಳಿ ಸುಮ್ಮನಾದರು. ಆಮೇಲೆ "ಇನ್ನೊಂದು ಸಲ ಹಾಕಿ ಆ ಪೀಪಿ" ಅಂದರು. ಅವರಿಗೆ ಇಷ್ಟವಾಗಿದ್ದು ಯಾರೂ ಹೇಳದ ಜಾಗ. ಎಲ್ಲಾ ಮುಗಿಯಿತು ಅನ್ನುವಾಗ ಕಟ್ಟಕಡೆಗೆ ಒಂದು "ಟಕ್" ಅನ್ನುತ್ತದಲ್ಲ, ಅದು. ಡಬ್ಬಿ ಮುಚ್ಚಳ ಹಾಕಿದ ಹಾಗೆ ಅಂತೆ.

ಹಳೇ ತಟ್ಟೆ
ಜಟ್ಟಿಯ ತಾಳ ಅದು. ಮನೆಯವರ ಕಿವಿ ನಿಮಗಿಂತ ಚುರುಕು.

ಬ್ಯಾಂಡಿನ ಬಾಯಿ
ಇವತ್ತು ಬೆಳಿಗ್ಗೆ ಗುಡ್ಡೆಗೆ ಹೋಗಿ ಆ ಉದ್ದ ಸ್ವರ ಹಿಡಿಯಲು ನೋಡಿದೆ. ಎರಡು ಬಾರ್ ಹಿಡಿದೆ. ಮೂರನೆಯದರಲ್ಲಿ ಒಡೆಯಿತು, ನವಿಲು ಉತ್ತರ ಕೊಟ್ಟಿತು. ನವಿಲಿನದು ಶ್ರುತಿಯಲ್ಲಿತ್ತು. ನಾಳೆ ಮತ್ತೆ ಹೋಗುತ್ತೇನೆ, ಹಲ್ಲಿನ ಡಾಕ್ಟರ್ ಹತ್ತು ಗಂಟೆಗೆ.